ಹೊರಟಲ್ಲಿಗೆ ಮರಳುವ ಎಳೆ

ಹೊಳೆಯ ದಂಡೆಯ ಆಶ್ರಮದಲ್ಲಿ ಸಾವಂತ್ರವ್ವ ಕಸೂತಿ ಕಲಿಸುತ್ತಿದ್ದಳು. ಅವಳ ಕಸೂತಿಗೆ ಗಂಟಿಲ್ಲ. ಎಳೆ ಒಂದು ಹೊಲಿಗೆ ಹಾಕಿ ಒಂದು ಬಿಡುತ್ತ ಹೋಗಬೇಕು, ಬಿಟ್ಟಿದ್ದನ್ನು ತುಂಬುತ್ತ ಹೊರಟಲ್ಲಿಗೇ ಮರಳಬೇಕು.

ಶಿಷ್ಯೆ ಮಹಾನಂದಾ ಬಂದು ಹತ್ತು ದಿನವಾಗಿತ್ತು. ಪಟ್ಟಣದ ರಕ್ತ ಪರೀಕ್ಷಾಲಯವೊಂದರಲ್ಲಿ ಕೆಲಸಕ್ಕಿದ್ದವಳು. ಯಾಕೆ ಬಿಟ್ಟು ಬಂದೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಮಧ್ಯಾಹ್ನ ಹೊಳೆಯ ಬೆಳಕು ಚಾವಣಿಯ ಮೇಲೆ ತೇಲಾಡುತ್ತಿತ್ತು. ಮಹಾನಂದಾಳ ಕಣ್ಣುಗಳು ಅರೆ ಮುಚ್ಚಿದ್ದವು. ಬಟ್ಟೆ ಎಲ್ಲಿ ಮುಗಿದು ತನ್ನ ಕೈ ಎಲ್ಲಿ ಶುರುವಾಯಿತೆಂದೇ ತಿಳಿಯುತ್ತಿರಲಿಲ್ಲ. ಹೀಗೇ ಇದ್ದುಬಿಟ್ಟರೆ ಎಷ್ಟು ಸುಖ ಅನ್ನಿಸಿತು.

ಮರಳುವಾಗ ಎಳೆ ಕೂಡಲಿಲ್ಲ. ಎಲ್ಲೋ ಎಣಿಕೆ ತಪ್ಪಿತ್ತು. ಅವಳು ಸದ್ದಿಲ್ಲದೆ ಅಡಿಯಲ್ಲೊಂದು ಗಂಟು ಹಾಕಿದಳು.

ಸಾವಂತ್ರವ್ವ ಬಟ್ಟೆ ತಗೊಂಡು ಬೆರಳಾಡಿಸಿದಳು. ಗಂಟಿನ ಮೇಲೆ ಬೆರಳು ನಿಂತಿತು.

"ಅಲ್ಲಿ ಪಟ್ಟಣದಾಗ ಏನ ನೋಡತಿದ್ದಿ?"

"ಜೀವಕೋಶದಾಗಿನ ಡಿಎನ್‌ಎ ರೀ. ಎರಡು ಎಳಿ ಹೆಣಕೊಂಡಿರತಾವ. ಕೋಶ ಎರಡಾಗೂ ಮೊದಲ ಹಳೀ ಎಳಿ ನೋಡಿ ಹೊಸಾದು ಕಟ್ಟತದ."

"ತಪ್ಪಂಗಿಲ್ಲೇನು?"

"ತಪ್ಪತದ. ತಪ್ಪಿದಲ್ಲಿ ಎರಡೂ ಎಳಿ ಕೂಡಂಗಿಲ್ಲ, ಉಬ್ಬತಾವ. ಕೋಶದಾಗ ತಪ್ಪು ತಿದ್ದೂ ಕೈಗಳಂಥವು ಇರತಾವ, ಅವು ತಡಕ್ಯಾಡಿ ಆ ಉಬ್ಬು ಹಿಡೀತಾವ. ಹೊಸಾ ಎಳಿ ಅಷ್ಟು ಕತ್ತರಿಸಿ, ಹಳೀದು ನೋಡಿ ಮತ್ತ ಕಟ್ಟತಾವ."

ಹೇಳುತ್ತ ಹೇಳುತ್ತ ತನ್ನ ಮೈಯೆಲ್ಲ ಒಂದು ಬಟ್ಟೆಯಾದಂತೆ ಅವಳಿಗೆ ತೋರಿತು. ಕಣಕಣದಲ್ಲೂ ಯಾರೋ ಕೂತು ಎಳೆಯ ಮೇಲೆ ಬೆರಳಾಡಿಸುತ್ತಿದ್ದರು.

"ಎಲ್ಲೀ ತನಕ ಕತ್ತರಸತಾವ?"

"ತಪ್ಪು ದಾಟೂ ತನಕ."

"ಗಂಟು ಹಾಕಿ ಸುಮ್ಮನಾಗಂಗಿಲ್ಲ?"

ಸಾವಂತ್ರವ್ವ ನಗುತ್ತಲೇ ಕೇಳಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮಹಾನಂದಾ ಮುಖ ಮುಚ್ಚಿಕೊಂಡಳು. ನಾಚಿಕೆಗಿಂತ ಅವಳಿಗೆ ಹೆದರಿಕೆಯೇ ಹೆಚ್ಚಾಗಿತ್ತು.

"ಕೆಲವರಿಗೆ ಆ ತಿದ್ದೂ ಕೈ ಹುಟ್ಟಿನಿಂದನ ಸೊಟ್ಟ ಇರತಾವ್ರಿ. ತಪ್ಪು ಉಳಕೊಂಡು ಕ್ಯಾನ್ಸರ್ ಆಗಬಹುದು. ಮೊದಲ ಗೊತ್ತಾದರ ಹುಷಾರಿರಬಹುದು. ನಾ ಪರೀಕ್ಷೆಗೆ ಬಂದ ಇಬ್ಬರ ರಕ್ತದ ಗಾಜಿನ ನಳಿಗಿ ಅದಲುಬದಲು ಮಾಡಿದೆ. ಒಬ್ಬಾಕಿ ಸುಮ್ಮಸುಮ್ಮನ ಅಂಜಿ ಕೂತಾಳ. ಇನ್ನೊಬ್ಬಾಕಿಗೆ ಆ ದೋಷ ಅದ. ಆಕಿಗೆ ನಿನಗೇನೂ ಇಲ್ಲವ್ವಾ ಅಂದೆ. ಆಕಿ ನನ್ನ ಕೈ ಹಿಡಕೊಂಡು ನಕ್ಕಳು. ಸಂಜೀಗೆ ನನಗ ತಪ್ಪು ಗೊತ್ತಾತು. ಯಾರಿಗೂ ಹೇಳಲಿಲ್ಲ, ಇಲ್ಲಿ ಬಂದುಬಿಟ್ಟೆ."

ಸಾವಂತ್ರವ್ವ ಗಂಟು ಕತ್ತರಿಸಿ, ಒಂದೊಂದೇ ಹೊಲಿಗೆ ಬಿಚ್ಚುತ್ತ ತಪ್ಪು ದಾಟಿ ಹಿಂದಕ್ಕೆ ಹೋದಳು. ಅಲ್ಲಿಗೇ ನಿಲ್ಲಿಸಿ ಸೂಜಿಯನ್ನು ಬಟ್ಟೆಗೇ ಚುಚ್ಚಿ ಇಟ್ಟಳು.

"ನಾ ಇಲ್ಲೇ ಇರತೀನ್ರಿ, ಹೋಗು ಅನಬ್ಯಾಡ್ರಿ. ಇದನ್ನೂ ನಾನ ಮುಗಸತೀನಿ."

ಸಾವಂತ್ರವ್ವ ಬಟ್ಟೆ ಮಡಚಿ ಗೂಡಿನಲ್ಲಿಟ್ಟು, ಮೂಲೆಯಲ್ಲಿದ್ದ ಮಹಾನಂದಾಳ ಚೀಲವನ್ನು ತಂದು ಅವಳ ಕೈಗೆ ಕೊಟ್ಟಳು.

"ಮೊದಲ ಹೊಂಟಲ್ಲಿಗೆ ಮುಟ್ಟು ಮಗಳ. ಬಟ್ಟಿ ಎಲ್ಲಿಗೂ ಓಡಿ ಹೋಗಂಗಿಲ್ಲ."