ಹಸಿರು ಗೆರೆಗೆ ಬಾರದ ಮುಳ್ಳು

ಕೇಳ್ರೇ, ಮೀನು ಕೊಯ್ಯೋರು ಕೊಯ್ತಾ ಇರಿ, ಕಿವಿ ಮಾತ್ರ ಇತ್ತ ಕೊಡಿ. ಕಡಲ ದಂಡೆಯ ಕೇರಿಯಲ್ಲಿ ಮಾದೇವಿ ಅಂತ ಒಬ್ಬಳು ಒಣಮೀನು ಮಾರ್ತಿದ್ದಳು. ಅವಳಿಗೊಬ್ಬನೇ ಮಗ, ಜಟ್ಟಿ. ಆಳು ತೆಂಗಿನ ಮರದ ಹಾಗೆ. ಬಲೆ ಎಳೆಯೋಕೆ ನಿಂತರೆ ಉಳಿದವರೆಲ್ಲ ಬದಿಗೆ. ತಲೆ ಮಾತ್ರ ಖಾಲಿ ಶಂಖ! "ಬಾಗಿಲು ನೋಡ್ಕೋ" ಅಂದರೆ ಬಾಗಿಲನ್ನೇ ನೋಡ್ತಾ ಕೂತ. ಹಿತ್ತಲಿಂದ ಕಳ್ಳ ಕೋಳಿ ಹೊತ್ತೊಯ್ದ. ಇವನು ಕತ್ತು ತಿರುಗಿಸಿದರೆ ಕೇಳಿ!

ಇಂಥವನಿಗೆ ಹೆಣ್ಣು ಯಾರು ಕೊಟ್ಟಾರು? ಮಾದೇವಿ ಹೋಗದ ಮನೆಯಿಲ್ಲ, ಹಿಡಿಯದ ಕಾಲಿಲ್ಲ. ಕಡೆಗೆ ಕೂಡಿ ಬಂದದ್ದು ದೋಣಿ ಹೊನ್ನಪ್ಪನ ಮಗಳು ಪದ್ಮಾವತಿ. ಅವಳೇನು ಕಡಿಮೆಯವಳಾ? ಗಾಜಿನ ಪೆಟ್ಟಿಗೆಯಲ್ಲಿ ಸನ್ಯಾಸಿ ಏಡಿ ಸಾಕಿದ್ದಳು. ಅದೇ, ಖಾಲಿ ಶಂಖದೊಳಗೆ ಹೊಕ್ಕು ಅದನ್ನೇ ಬೆನ್ನ ಮೇಲೆ ಹೊತ್ತು ತಿರುಗ್ತದಲ್ಲ, ಆ ಏಡಿ. ಮೊದಲು ನಿಶ್ಚಯವಾದ ಗಂಡು ಅವುಗಳನ್ನು ನೋಡಿ "ಸಾರಿಗಾಗ್ತದಾ?" ಅಂದನಂತೆ. ಅವನ ಎಲೆ ಅಡಿಕೆ ತಟ್ಟೆ ಅಂಗಳಕ್ಕೆ ಹಾರಿತ್ತು! ಅಂದಿನಿಂದ ಹುಡುಗಿಯದ್ದು ಒಂದೇ ಹಟ: "ನನ್ನ ಏಡಿ ಜೋಪಾನ ಮಾಡಿದವನಿಗೇ ನನ್ನ ಕೈ."

ಅಕ್ಕನ ಬಾಣಂತನಕ್ಕೆ ಹೊರಟ ಪದ್ಮಾವತಿ ಪೆಟ್ಟಿಗೆ ತಂದು ಜಟ್ಟಿಯ ಮುಂದಿಟ್ಟಳು. "ನೋಡಿ, ಇದರೊಳಗಿನ ಗಾಳಿ ತೇವ ಇರಬೇಕು. ಗಾಳಿ ಒಣಗಿದರೆ ಇವಕ್ಕೆ ಉಸಿರು ಕಟ್ತದೆ. ಈ ಗಡಿಯಾರದಂಥದ್ದು ತೇವ ತೋರಿಸ್ತದೆ. ಮುಳ್ಳು ಹಸಿರು ಗೆರೆ ಮೇಲಿರಬೇಕು. ಕೆಳಗಿಳಿದರೆ, ಮತ್ತೆ ಹಸಿರಿಗೆ ಬರೋ ತನಕ ಮುಚ್ಚಳ ತೆಗೀಬಾರದು. ಏಡಿ ಉಳಿದರೆ ಮದುವೆ. ಸತ್ತರೆ ನಿಮ್ಮ ದಾರಿ ನಿಮಗೆ."

"ಹೂಂ," ಅಂದ ಜಟ್ಟಿ.

ಮಾದೇವಿ ಪೇಟೆಗೆ ಹೊರಡುವಾಗ, "ತೇವ ಆರದ ಹಾಗೆ ನೋಡ್ಕೋ ಮಗಾ," ಅಂದಳು. ಬಂದು ನೋಡ್ತಾಳೆ, ಪೆಟ್ಟಿಗೆ ತುಂಬ ಬಾವಿ ನೀರು! ಏಡಿಗಳು ಒಂದರ ಮೇಲೊಂದು ಹತ್ತಿ, ಮೇಲೆ ತೇಲೋ ತೆಂಗಿನ ಚಿಪ್ಪಿಗೆ ಜೋತುಬಿದ್ದಿವೆ.

"ಅಯ್ಯೋ ಹೆಡ್ಡಾ! ಮುಳುಗಿಸಿ ಕೊಲ್ತೀಯೇನೋ?"

"ಆರಲಿಲ್ಲ ನೋಡು ಅಮ್ಮ, ತೇವ!"

"ನೀರು ಹೊಯ್ಯೋದಲ್ಲವೋ! ಬಟ್ಟೆ ಒದ್ದೆ ಮಾಡಿ, ಹಿಂಡಿ, ಮೇಲೆ ಮುಚ್ಚಬೇಕು!"

"ಹೌದಾ ಅಮ್ಮ? ಇನ್ನು ಹಾಗೇ ಮಾಡ್ತೇನೆ."

ಮಾಡಿದ! ಮರುದಿನ ಅವಳು ಅಂಗಳದ ತುಂಬ ಬಂಗಡೆ ಒಣಹಾಕಿ, "ಇದನ್ನೂ ನೋಡ್ಕೋ" ಅಂದು ಹೋದಳು. ಮನೆಯಲ್ಲಿದ್ದ ಸೀರೆ, ಲುಂಗಿ, ಹಾಸಿಗೆ ಬಟ್ಟೆ ಎಲ್ಲ ಒದ್ದೆ ಮಾಡಿದ, ಹಿಂಡಿದ, ಮೀನಿನ ಮೇಲೆ ಮುಚ್ಚಿದ. ಆರಿದರೆ ಮತ್ತೆ ಒದ್ದೆ ಮಾಡಿದ. ಅವಳು ಬರುವಾಗ ಕೇರಿಯವರೆಲ್ಲ ಮೂಗು ಮುಚ್ಚಿಕೊಂಡು ಬೇಲಿಗೆ ಬಂದಿದ್ದರು. ಮೀನಿಗಿಂತ ಮಾದೇವಿಯ ಹರಿದ ಸೀರೆ ಎಷ್ಟಿದೆ ಅಂತ ಎಣಿಸೋಕೆ ಬಂದವರೇ ಹೆಚ್ಚು ಅನ್ನಿ.

"ನನ್ನ ಹೊಟ್ಟೇಲಿ ಹುಟ್ಟಿದ ಒನಕೆಯೇ! ಮೀನೆಲ್ಲ ಕೊಳೆಸಿದೆಯಲ್ಲೋ!"

"ನೀನೇ ಮುಚ್ಚು ಅಂದೆಯಲ್ಲ?"

"ತೇವ ಕಂಡರೆ ಬಿಸಿಲಿಗಿಡಬೇಕು! ಮುಚ್ಚಿದ್ದೆಲ್ಲ ತೆಗೆದು ಗಾಳಿಯಾಡಿಸಬೇಕು!"

"ಹೌದಾ ಅಮ್ಮ? ಇನ್ನು ಹಾಗೇ ಮಾಡ್ತೇನೆ."

ಮಾಡಿದ! ಬೆಳಗೆದ್ದು ನೋಡ್ತಾನೆ, ಏಡಿ ಪೆಟ್ಟಿಗೆಯ ಗಾಜಿಗೆ ಒಳಗಿಂದ ಹನಿ ಕಟ್ಟಿದೆ. "ಅಯ್ಯೋ, ತೇವ!" ಹೊತ್ತುಕೊಂಡು ಹೋಗಿ ಅಂಗಳದಲ್ಲಿಟ್ಟ, ಮುಚ್ಚಳ ತೆಗೆದ. ಸುಡು ಬಿಸಿಲು, ಕಡಲ ಗಾಳಿ. ಮಾದೇವಿ ಓಡಿ ಬಂದಾಗ ಏಡಿಗಳು ಶಂಖದಿಂದ ಅರ್ಧ ಹೊರಗೆ ಜೋತು, ಕಾಲಾಡಿಸೋಕೂ ತ್ರಾಣವಿಲ್ಲದೆ ಬಿದ್ದಿವೆ. ಬೇಲಿ ಮೇಲೆ ಕಾಗೆ ಕೂತು ಕೊಕ್ಕು ಮಸೀತಿದೆ!

ಒಳಗೆ ತಂದಳು, ನೀರು ಚಿಮುಕಿಸಿದಳು, ಒದ್ದೆ ಬಟ್ಟೆ ಮುಚ್ಚಿದಳು, ಊರಿನ ದೇವರನ್ನೆಲ್ಲ ಕರೆದಳು. ಸಂಜೆಗೆ ಒಂದು ಏಡಿ ಮೀಸೆ ಅಲ್ಲಾಡಿಸಿತು. ಆಮೇಲೆ ಉಳಿದವು. ಮಾದೇವಿ ಕೂತಲ್ಲೇ ಅತ್ತುಬಿಟ್ಟಳು.

"ನಾನು ಸತ್ತರೆ ನಿನಗೆ ಗಂಜಿ ಹೊಯ್ಯೋರು ಯಾರೋ? ಬಂದ ಹೆಣ್ಣನ್ನೂ ಒಣಗಿಸಿ ಕಳಿಸ್ತೀಯಲ್ಲೋ! ಬೇರೇನೂ ಮಾಡಬೇಡ. ಮುಳ್ಳು ಹಸಿರು ಬಿಟ್ಟು ಇಳಿಯದ ಹಾಗೆ ನೋಡು. ಅಷ್ಟೇ!"

"ಹೌದಾ ಅಮ್ಮ? ಇನ್ನು ಹಾಗೇ ಮಾಡ್ತೇನೆ."

ಮಾಡಿದ! ಎಷ್ಟು ಚೆನ್ನಾಗಿ ಮಾಡಿದ ಅಂದರೆ, ಅವಳು ಹೋಗ್ತಾ ನೋಡಿದರೂ ಹಸಿರು, ಬರ್ತಾ ನೋಡಿದರೂ ಹಸಿರು. "ನನ್ನ ಮಗನಿಗೂ ಬುದ್ಧಿ ಬಂತು ಕಣ್ರೇ!" ಅಂತ ಬಾವಿಕಟ್ಟೆಯಲ್ಲಿ ಹೇಳಿಕೊಂಡು ಬಂದಳು. ಬಂದು ಪೆಟ್ಟಿಗೆಗೆ ಕೈ ಹಾಕ್ತಾಳೆ, ಮರಳು ಬೂದಿಯ ಹಾಗೆ ಒಣಗಿದೆ! ಮುಳ್ಳು ಮಾತ್ರ ಹಸಿರಿನಲ್ಲೇ. ಕಣ್ಣು ಹತ್ತಿರ ತಂದು ನೋಡಿದಳು. ಗಡಿಯಾರದ ಗಾಜು ಬಿಚ್ಚಿ, ಹಲಸಿನ ಅಂಟು ಹಚ್ಚಿ, ಮುಳ್ಳನ್ನು ಹಸಿರಿಗೇ ಅಂಟಿಸಿದ್ದಾನೆ ಪುಣ್ಯಾತ್ಮ!

ಸಿಟ್ಟಿನಲ್ಲಿ ಕೆರೆದಳು. ಮುಳ್ಳು ಪಟ್ಟಂತ ಮುರಿದು ತಳಕ್ಕೆ ಬಿತ್ತು.

"ಮುಳ್ಳಿಗೆ ಉಸಿರಿದೆಯೇನೋ, ಕತ್ತೇ? ಉಸಿರಾಡೋ ಜೀವ ನೋಡೋ! ಉಸಿರು ಕಟ್ತಾ ಇದೆ, ಒಣಗ್ತಾ ಇದೆ ಅಂತ ಕಂಡರೆ ನೀರು ಚಿಮುಕಿಸು, ಒದ್ದೆ ಬಟ್ಟೆ ಹೊದಿಸು, ಭದ್ರವಾಗಿ ಮುಚ್ಚಿಡು! ತಿಳೀತಾ?"

"ಹೌದಾ ಅಮ್ಮ? ಇನ್ನು ಹಾಗೇ ಮಾಡ್ತೇನೆ."

ಅಲ್ಲಿಂದಾಚೆ ಮಾದೇವಿ ಪೇಟೆಗೇ ಹೋಗಲಿಲ್ಲ. ಮಗನನ್ನು ಪೆಟ್ಟಿಗೆ ಹತ್ತಿರ ಬಿಡಲಿಲ್ಲ. ಪದ್ಮಾವತಿ ಅಪ್ಪನ ಜೊತೆ ಬಂದ ದಿನ ಏಡಿಗಳು ಶಂಖ ಹೊತ್ತು ಜಂಬದಿಂದ ಓಡಾಡ್ತಿದ್ದವು. ಹುಡುಗಿ ನೇರ ಒಳಗೆ ಹೋಗಿ ಪೆಟ್ಟಿಗೆ ಮುಂದೆ ಕೂತಳು. ಹೊನ್ನಪ್ಪ ಬಿಸಿಲಲ್ಲಿ ನಡೆದು ಬಂದವನು, ದಪ್ಪ ಆಸಾಮಿ, ಜಗಲಿಯ ಮೇಲೆ ಧೊಪ್ಪಂತ ಕೂತ.

"ಉಸಿರು ಕಟ್ತಾ ಇದೆ ಮಾರಾಯ! ಗಂಟಲೆಲ್ಲ ಒಣಗಿಹೋಯ್ತು!"

ಜಟ್ಟಿ ಕಿವಿ ನಿಮಿರಿತು. ಒಂದು ಚೆಂಬು ನೀರು ಮುಖಕ್ಕೆ ಎರಚಿದ. "ಏ! ಏ!" ಅನ್ನೋದರೊಳಗೆ ಒದ್ದೆ ಕಂಬಳಿ ತಲೆಗೆ ಹೊದಿಸಿದ. ದೊಡ್ಡ ಮೀನಿನ ಬುಟ್ಟಿ ಕವುಚಿ ಹಾಕಿದ. ಮೇಲೆ ತಾನೇ ಹತ್ತಿ ಕೂತ!

"ಅಯ್ಯಯ್ಯೋ, ಇಳಿಯೋ! ನಿನ್ನ ಮಾವ ಕಣೋ!" ಮಾದೇವಿ ಎದೆ ಬಡಿದುಕೊಂಡಳು.

"ಪದ್ಮಾ! ಇಲ್ಲಿ ಕೊಲೆಯಾಗ್ತಾ ಇದೆ! ಈ ಸಂಬಂಧ ಬೇಡ!" ಬುಟ್ಟಿ ಕೂಗಿತು.

ಪದ್ಮಾವತಿ ಹೊರಗೆ ಬಂದಳು. ಬುಟ್ಟಿ ನೋಡಿದಳು, ಬುಟ್ಟಿ ಮೇಲಿದ್ದವನನ್ನು ನೋಡಿದಳು. "ಏಡಿ ಸಾಕಿದ್ದು ಯಾರು, ನಿಜ ಹೇಳಿ."

"ಅಮ್ಮ ಹೇಳಿದ್ದೆಲ್ಲ ನಾನು ಮಾಡಿದೆ," ಅಂದ ಜಟ್ಟಿ. "ಆಮೇಲೆ ಅಮ್ಮ ಬೈದು ಸರಿ ಮಾಡಿದಳು."

ಹುಡುಗಿ ಸೆರಗು ಬಾಯಿಗೊತ್ತಿ ನಕ್ಕಳು. "ಸುಳ್ಳಂತೂ ಹೇಳೋದಿಲ್ಲ. ಬೈಯೋ ಕೆಲಸ ಇನ್ನು ಇಬ್ಬರೂ ಹಂಚಿಕೊಳ್ಳೋಣ ಬಿಡಿ, ಅತ್ತೆ."

ಅತ್ತೆ! ಮಾದೇವಿಯ ಕಣ್ಣಲ್ಲಿ ನೀರು ಬಂತು. "ಕೇಳಿದೆಯೇನೋ ಜಟ್ಟಿ, ನಿನ್ನ ಮದುವೆ ಗೊತ್ತಾಯ್ತು! ಇನ್ನಾದರೂ ಇಳಿಯೋ!"

"ಇಳೀತೇನೆ ಅಮ್ಮ. ಪದ್ಮಾವತಿ ಹೇಳಿದ್ದಾಳಲ್ಲ, ಹಸಿರಿಗೆ ಬರೋ ತನಕ ಮುಚ್ಚಳ ತೆಗೀಬಾರದು ಅಂತ. ಮುಳ್ಳು ಬರಲಿ," ಅಂದ ಜಟ್ಟಿ, ಮುರಿದ ಮುಳ್ಳಿನ ಗಡಿಯಾರ ಸೊಂಟದಿಂದ ತೆಗೆದು ಕೈಯಲ್ಲಿ ಹಿಡಿದು, ಕಣ್ಣು ಮಿಟುಕಿಸದೆ.

ಲಗ್ನದ ದಿನ ಗೊತ್ತು ಮಾಡುವಾಗ ಹೊನ್ನಪ್ಪ "ಆಗಲಿ" ಅಂದದ್ದು ಬುಟ್ಟಿಯೊಳಗಿಂದಲೇ ಅಂತೆ.