ಎರಡು ಸಿಲಿಂಡರ್, ಎಂಟು ಒಲೆ

ಘಟಪ್ರಭೆಯ ದಂಡೆಯ ಮಠವೊಂದರಲ್ಲಿ ದಿನಾ ಮುನ್ನೂರು ಜನಕ್ಕೆ ದಾಸೋಹ. ಅಡುಗೆಮನೆಯ ಉಸ್ತುವಾರಿ ಶಿಷ್ಯ ಅಡಿವೆಯ್ಯನದು. ಬಲು ಚುರುಕಿನವನು, ಕಾಯುವುದೊಂದು ಬಿಟ್ಟು ಎಲ್ಲ ಬರುತ್ತಿತ್ತು.

ಒಂದು ಬೆಳಿಗ್ಗೆ ಒಲೆಗಳ ಉರಿ ಕುಗ್ಗಿತು. ಅಡಿವೆಯ್ಯ ಎರಡು ಸಿಲಿಂಡರ್ ಬಿಚ್ಚಿ, ಗಾಡಿಗೆ ಹಾಕಲು ಹೊರಟ. ಜಗಲಿಯಲ್ಲಿದ್ದ ಗುರುಗಳು ತಡೆದರು.

“ಎಲ್ಲಿಗಪ್ಪಾ?”

“ಖಾಲಿ ಆಗ್ಯಾವ್ರಿ ಅಜ್ಜಾರ. ವಾಪಸ್ ಕಳಸ್ತೀನಿ.”

“ಒಂದ ಎತ್ತು ನೋಡೋಣು.”

ಎತ್ತಿದ. ಖಾಲಿಯ ಭಾರವಲ್ಲ. ಕೆಳಭಾಗದಲ್ಲಿ ಮಂಜು ಕಟ್ಟಿತ್ತು, ಕೈ ಕೊರೆಯಿತು.

“ಒಲಿ ಎಷ್ಟು ಹಚ್ಚಿದ್ದಿ?”

“ಎಂಟು.”

“ಸಿಲಿಂಡರು?”

“ನಾಕ ಅದಾವ್ರಿ. ಎರಡೆರಡ ಮುಗಿಸಿದ್ರ ಬದಲಿ ಮಾಡೂದು ಹಗುರ ಅಂತ, ಎರಡಕ್ಕ ಹಚ್ಚಿದ್ದೆ.”

“ಒಳಗ ನೀರಿನಂಗ ಇರೂ ಗ್ಯಾಸು ಆವಿ ಆಗಾಕ ಶಾಖ ಬೇಕು. ಅವಸರದಾಗ ಎಳದ್ರ ಥಂಡ ಹಿಡದು ಕೊಡೂದು ನಿಲ್ಲಸ್ತೈತಿ. ಸುಮ್ನ ಬಿಡು. ನಾಳಿ ಒಂದ ಒಲಿಗೆ ಹಚ್ಚು.”

ಮರುದಿನ ಹಚ್ಚಿದ. ಸಂಜೆಯವರೆಗೂ ನೀಲಿ ಉರಿ ಉರಿಯಿತು. ಮೂರು ವರ್ಷದಿಂದ ಗ್ಯಾಸು ಉಳಿದದ್ದನ್ನೇ ಹಿಂದಕ್ಕೆ ಕಳಿಸಿದ್ದೆನಲ್ಲ ಎಂದು ಅಡಿವೆಯ್ಯನಿಗೆ ನಾಚಿಕೆಯಾಯಿತು. ನಾಲ್ಕನ್ನೂ ಒಟ್ಟಿಗೆ ಜೋಡಿಸಿದ. ಆಮೇಲೆ ಜಗಲಿಗೆ ಗುರುಗಳ ಹತ್ತಿರ ಬಂದ.

“ಅಜ್ಜಾರ, ಗೌರವ್ವ...”

ಗೌರವ್ವ ಹದಿನೆಂಟು ವರ್ಷ ಮಠಕ್ಕೆ ರೊಟ್ಟಿ ಬಡಿದವಳು. ಅವಳ ಜೊತೆಗಿದ್ದ ಇಬ್ಬರನ್ನು ಅಡಿವೆಯ್ಯ ಬೇರೆ ಕೆಲಸಕ್ಕೆ ಹಾಕಿದ್ದ; ಮುನ್ನೂರು ಜನದ ರೊಟ್ಟಿ ಅವಳೊಬ್ಬಳ ಪಾಲಿಗೆ ಬಿದ್ದಿತ್ತು. ಶ್ರಾವಣದಲ್ಲಿ ಅವಳ ಕೈ ನಡುಗತೊಡಗಿತು. ‘ಇನ್ನ ನಿನ್ನ ಕೈಲೆ ಆಗಂಗಿಲ್ಲ’ ಎಂದು ತಂಗಿಯ ಊರಿನ ಬಸ್ಸು ಹತ್ತಿಸಿದ್ದ.

“ಕರಕೊಂಡ ಬರ್ತೀನ್ರಿ,” ಎಂದು ಎದ್ದವನು ಉಣ್ಣದೆಯೇ ಹೊರಟ.

ಮೂರನೆಯ ದಿನ ಒಬ್ಬನೇ ಬಂದ. ಅತ್ತು ಅತ್ತು ಕಣ್ಣು ಬಾತಿದ್ದವು.

“ತೀರಿಕೊಂಡು ಹನ್ನೊಂದು ದಿನ ಆಗೇತ್ರಿ. ಅಲ್ಲಿ ಹೋಗಿ ವಾರದಾಗ ಕೈ ನೆಟ್ಟಗಾಗಿದ್ವಂತ. ತಂಗಿ ಮನ್ಯಾಗ ಆಕೀನ ರೊಟ್ಟಿ ಬಡೀತಿದ್ಲಂತ. ಮಠದಿಂದ ಯಾರರ ಕರಿಯಾಕ ಬರ್ತಾರಂತ, ದಿನಾ ಬಸ್ಸಿನ ಹೊತ್ತಿಗೆ ಬಾಗಲದಾಗ ಕುಂದರ್ತಿದ್ಲಂತ.”

ಗುರುಗಳ ಕಣ್ಣಲ್ಲೂ ನೀರು ಬಂತು.

“ನಾ ಈಗ ಏನ ಮಾಡ್ಲಿ ಅಜ್ಜಾರ?”

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

“ಇವತ್ತ ರೊಟ್ಟಿಗೆ ಯಾರು ಕುಂತಾರ?”

“ನೀಲವ್ವ ರೀ.”

“ಒಬ್ಬಾಕೀನ ಏನು?”