ಪರಸನಹಟ್ಟಿಗೆ ಹೆಸರು ಬಂದದ್ದು

ಡೋಣಿ ಹೊಳೆ ದಾಟಿ ಬಸ್ಸು ಎಡಕ್ಕೆ ಹೊರಳುವಲ್ಲಿ ಪರಸನಹಟ್ಟಿ ಸಿಗುತ್ತದೆ. ಇನ್ನೂರು ಮನೆಗಳ ಊರು, ಎಲ್ಲವೂ ಕಲ್ಲಿನ ಮನೆಗಳೇ. ಹಳೆಯ ಕಲ್ಲುಗಣಿಯಲ್ಲಿ ನೀರು ನಿಂತು ಕೆರೆಯಾಗಿದೆ. ಪರಸ ಎಂಬ ಗೌಡನೋ ಶರಣನೋ ಊರು ಕಟ್ಟಿಸಿರಬೇಕೆಂದು ಬಂದವರು ಅಂದುಕೊಳ್ಳುತ್ತಾರೆ. ಪಾಪ, ಆ ಪರಸನಿಗೆ ಬದುಕಿರುವಾಗ ತನ್ನದೆಂಬ ಊರೇ ಇರಲಿಲ್ಲ.

ಹಿಂದೆ ಒಮ್ಮೆ, ಈ ಸೀಮೆಗೆ ರೈಲು ಬರುವುದಕ್ಕೂ ಮೊದಲು, ಇದು ದೇಸಾಯರ ಗಣಿಯಾಗಿತ್ತಂತೆ. ಅದರ ಅಂಚಿನಲ್ಲಿ ಕಲ್ಲು ಒಡೆಯುವವರ ಗುಡಿಸಲುಗಳು. ದೇಸಾಯರು ಬೇಡವೆಂದ ದಿನ ಅವನ್ನು ಕಿತ್ತುಕೊಂಡು ಹೊರಡಬೇಕು. ಹೀಗಾಗಿ ಆ ಜಾಗಕ್ಕೆ ಹೆಸರಿಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅದೇ ಕಾಲದಲ್ಲಿ ಬೆಳ್ಳಿಗನೂರಿನಲ್ಲಿ ಅಡಿವೆಪ್ಪನೆಂಬ ಹೆಸರಾಂತ ಪದಗಾರನಿದ್ದ. ಸವಾಲಿನ ಪದಗಳಲ್ಲಿ ಇಪ್ಪತ್ತು ವರ್ಷ ಸೋತವನಲ್ಲ. ಗೆದ್ದವನ ಗುರುತಾದ ರೇಷ್ಮೆಯ ತುರಾಯಿ ಅವನ ರುಮಾಲಿನಿಂದ ಇಳಿದದ್ದೇ ಇಲ್ಲ. ಅದರ ಬಗ್ಗೆ ಅವನಿಗೆ ಜಂಬವೂ ಇತ್ತು, ಇರಲಿ, ದುಡಿದು ಪಡೆದ ಜಂಬ.

ಒಂದು ಯುಗಾದಿಯ ಮಧ್ಯಾಹ್ನ ದೇಸಾಯರ ವಾಡೆಯ ಮುಂದೆ ಅವನ ಎದುರಿಗೆ ಗಣಿಯ ಪರಸಪ್ಪ ದಪ್ಪೆಂಬ ಚರ್ಮವಾದ್ಯ ಹಿಡಿದು ನಿಂತ. ಇಪ್ಪತ್ತೆರಡರ ಪ್ರಾಯ, ಮೈತುಂಬ ಕಲ್ಲಿನ ಧೂಳು. ಅವನ ಪದಕ್ಕೆ ರಾಗವೇ ಇರಲಿಲ್ಲವಂತೆ. ಸುತ್ತಿಗೆಯ ಏಟಿನಂತೆ ದಪ್ಪು ಬಡಿಯುತ್ತ, ಆ ಬಡಿತಕ್ಕೆ ಸರಿಯಾಗಿ ಮಾತನ್ನು ಪಟಪಟನೆ ಉದುರಿಸುತ್ತಿದ್ದ. ಇದು ಹಾಡೋ ಜಗಳವೋ ಎಂದು ಮೊದಲು ನಕ್ಕವರೇ ಆಮೇಲೆ ಬಾಯಿ ತೆರೆದುಕೊಂಡು ಕುಳಿತರು.

ನಿಮ್ಮ ಹೊಸ್ತಿಲ ಕಡದೀವಿ, ನಿಮ್ಮ ಬೀಸುವ ಕಲ್ಲ ಕೊರದೀವಿ,
ನಿಮ್ಮ ದೇವರ ಮಾರಿ ತಿದ್ದೀವಿ, ನಮ್ಮ ಮನಿ ಯಾವ ಊರಾಗ?

ಅಡಿವೆಪ್ಪನಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದಿದ್ದಾಗ ಅವನು ಕಟ್ಟಳೆಯನ್ನು ಹಿಡಿದ. ಪದದ ಕೊನೆಯಲ್ಲಿ ಕಟ್ಟಿದವನ ಹೆಸರೂ ಊರೂ ಬರಬೇಕು, ಅದೇ ಅಂಕಿತ. ಅಂಕಿತವಿಲ್ಲದ ಪದ ಲೆಕ್ಕಕ್ಕಿಲ್ಲ.

“ಪದಾ ಚಂದ ಐತಿ ತಮ್ಮಾ, ಊರ ಹೆಸರ ಹೇಳಿ ಮುಗಸು,” ಎಂದ.

ಪರಸಪ್ಪನ ದಪ್ಪು ನಿಂತಿತು. “ಬರೂ ಯುಗಾದಿಗೆ ಹೇಳತೀನಿ ಕಾಕಾ,” ಎಂದು ಕೆಳಗಿಳಿದ.

ಆ ಯುಗಾದಿ ಅವನಿಗೆ ಬರಲಿಲ್ಲ. ಮಳೆಗಾಲದಲ್ಲಿ ಗಣಿಯ ಗೋಡೆ ಜರಿದು ಸತ್ತ. ಪದ ಮಾತ್ರ ದನ ಕಾಯುವವರ, ಬೀಸುವವರ ಬಾಯಲ್ಲಿ ಉಳಿಯಿತು. ಅಂಕಿತವಿಲ್ಲದ ಪದಕ್ಕೆ ಮೊದಲು ಹೆಸರು ಹಾಕಿದವನೇ ಒಡೆಯ. ನೀವೇ ಹಾಕಿಬಿಡಿ ಎಂದು ಶಿಷ್ಯರು ಅಡಿವೆಪ್ಪನಿಗೆ ದುಂಬಾಲು ಬಿದ್ದರು. ಹುಡುಗನನ್ನು ಪದದಲ್ಲಿ ಸೋಲಿಸಲಾಗದೆ ಗುಡಿಸಲಿನ ಮಾತೆತ್ತಿ ಸೋಲಿಸಿದೆನೆಂಬ ನಾಚಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು ಎನ್ನುತ್ತಾರೆ.

ಮರುವರ್ಷ ಅದೇ ವಾಡೆಯ ಮುಂದೆ ಅಡಿವೆಪ್ಪ ಆ ಪದವನ್ನೇ ಎತ್ತಿಕೊಂಡ. ರಾಗ ಬಿಟ್ಟು, ಗಣಿಯವರಿಂದ ಕೇಳಿ ತಂದ ಪರಸಪ್ಪನ ದಪ್ಪನ್ನೇ ಹಿಡಿದು, ಸುತ್ತಿಗೆಯ ಬಡಿತದಲ್ಲೇ ಹೇಳಿದ. ಐವತ್ತು ದಾಟಿದ ನಾಲಿಗೆ ಎರಡು ಕಡೆ ತೊದಲಿತು. ಕೊನೆಗೆ ಬಂದಾಗ ಶಿಷ್ಯರು ಕಿವಿ ನೆಟ್ಟಗೆ ಮಾಡಿದರು. ಅವನು ಕಟ್ಟಿದವ ಪರಸಪ್ಪ ಎಂದ, ಊರು ಪರಸನಹಟ್ಟಿ ಎಂದ. ಬೇರೆಯವರ ಅಂಕಿತದಲ್ಲಿ ಹಾಡಿದವನು ಅವರ ಶಿಷ್ಯನಾದಂತೆ. ಅಡಿವೆಪ್ಪ ಅಲ್ಲೇ ತುರಾಯಿ ಬಿಚ್ಚಿ, ಸತ್ತ ಹುಡುಗನ ದಪ್ಪಿಗೆ ಕಟ್ಟಿದ.

ದೇಸಾಯರ ಮುಖ ಕಪ್ಪಿಟ್ಟಿತು. ಅಂಥ ಊರು ಎಲ್ಲಿದೆ ಎಂದು ಕೇಳಿದರು.

“ಸದ್ಯೇಕ ಪದದಾಗ ಐತ್ರಿ ಧಣಿ,” ಎಂದ ಅಡಿವೆಪ್ಪ.

ಅಂದಿನಿಂದ ವಾಡೆಯಲ್ಲಿ ಅವನಿಗೆ ಕರೆಯಿಲ್ಲ. ಅವನು ಊರೂರು ತಿರುಗಿ ಅದೊಂದೇ ಪದ ಹಾಡಿದ. ಹತ್ತಾರು ವರ್ಷದ ಮೇಲೆ ಭೂಮಿ ಅಳೆಯಲು ಬಂದ ಸರ್ಕಾರದವರು ಆ ಗುಡಿಸಲುಗಳ ಊರಿನ ಹೆಸರು ಕೇಳಿದಾಗ, ಸುತ್ತಲಿನ ಏಳು ಹಳ್ಳಿಯವರು ಒಂದೇ ಹೆಸರು ಹೇಳಿದರು. ಅವರು ಬರೆದುಕೊಂಡರು. ಬರೆದ ಮೇಲೆ ದೇಸಾಯರಿಗೂ ಗುಡಿಸಲು ಕೀಳಿಸುವುದು ಆಗಲಿಲ್ಲ.

ಇಂದು ಕೆರೆಯ ದಂಡೆಯಲ್ಲಿ, ಇಲ್ಲಿಯವರೇ ಕಡೆದ ಒಂದು ಕಲ್ಲಿದೆ. ಮೇಲೆ ದಪ್ಪು, ಅದಕ್ಕೆ ಇಳಿಬಿಟ್ಟ ತುರಾಯಿ. ಯಾರದೆಂದು ಕೇಳಿದರೆ ಬಟ್ಟೆ ಒಗೆಯುವ ಹೆಂಗಸರು ತಲೆಯೆತ್ತದೆ, ದಪ್ಪು ಪರಸಪ್ಪಂದು, ತುರಾಯಿ ಅವನ ಶಿಷ್ಯಂದು ಎನ್ನುತ್ತಾರೆ. ಅಡಿವೆಪ್ಪ ಇಪ್ಪತ್ತು ವರ್ಷ ಕಟ್ಟಿದ ಪದಗಳಲ್ಲಿ ಒಂದೂ ಈಗ ಯಾರಿಗೂ ಬರುವುದಿಲ್ಲ.